ಹೊಲಿಗೆ ಹಾಕಿದ ಮೇಲಿನ ಮೂರು ದಿನ



ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಹೊಲಿಗೆ ಹಾಕಿ, ರೋಗಿಯನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಬರುವ ಮೊದಲ ಮೂರು ನಾಲ್ಕು ದಿನಗಳ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಗಡ್ಡೆ ಎಲ್ಲಿತ್ತು, ಎಷ್ಟು ಉದ್ದದ ಕರುಳು ತೆಗೆದರು ಎಂಬುದನ್ನು ನಿಮಗೆ ಸರ್ಜನ್ ಹೇಳುತ್ತಾರೆ. ನಾನು ಅರಿವಳಿಕೆ ಕೊಡುವ ವೈದ್ಯೆ. ರೋಗಿ ಎಚ್ಚರವಿಲ್ಲದೆ ಮಲಗಿರುವಷ್ಟು ಹೊತ್ತೂ ಅವರ ತಲೆಯ ಪಕ್ಕದಲ್ಲಿ ಕೂತು ಎದೆಬಡಿತ, ರಕ್ತದೊತ್ತಡ, ಉಸಿರು, ಸಕ್ಕರೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಕತ್ತಿ ತಾಗಿದ ಕೂಡಲೇ ದೇಹ ಏನು ಮಾಡುತ್ತದೆ, ಅದು ಎಷ್ಟು ದಿನ ಮುಂದುವರಿಯುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯವರು ಇಂಥ ಆಪರೇಷನ್ನಿಗೆ ಹಾಸನಕ್ಕೆ ಹೋಗುತ್ತಾರೆ, ಮೈಸೂರಿಗೆ ಹೋಗುತ್ತಾರೆ, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. 1973ರಲ್ಲಿ ಶುರುವಾದ ಆ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಹೆಸರು ನಮ್ಮ ಕಡೆಯ ಹಳ್ಳಿಹಳ್ಳಿಗೂ ಗೊತ್ತು. ಎಲ್ಲಿಗೇ ಹೋಗಲಿ, ಆಪರೇಷನ್ ಆದ ಮರುದಿನ ಮನೆಯವರು ಕೇಳುವ ಪ್ರಶ್ನೆಗಳು ಒಂದೇ. "ಆಪರೇಷನ್ ಚೆನ್ನಾಗಾಯ್ತು ಅಂದ್ರಲ್ಲ, ಮತ್ತೆ ಮೈ ಯಾಕೆ ಬೆಚ್ಚಗಿದೆ? ಶುಗರ್ ಇರಲೇ ಇಲ್ಲ, ಈಗ ಎಲ್ಲಿಂದ ಬಂತು? ಮೂತ್ರ ಯಾಕೆ ಇಷ್ಟು ಕಮ್ಮಿ? ಹೊಟ್ಟೆ ಯಾಕೆ ಉಬ್ಬಿದೆ?" ಎಲ್ಲೋ ಏನೋ ತಪ್ಪಾಗಿದೆ ಎಂಬ ಭಯ ಆ ದನಿಯಲ್ಲಿ ಇರುತ್ತದೆ. ಬಹುಪಾಲು ಸಲ ಏನೂ ತಪ್ಪಾಗಿರುವುದಿಲ್ಲ. ಅದು ಗಾಯವಾದ ದೇಹ ತಾನೇ ಹೂಡುವ ಹೋರಾಟ. ಆದರೆ ಆ ಹೋರಾಟ ಅತಿಯಾದರೆ ರೋಗಿಯನ್ನೇ ಸವೆಸುತ್ತದೆ. ಅದನ್ನು ಹದದಲ್ಲಿಡುವ ಕೆಲಸದಲ್ಲಿ ಡಾಕ್ಟರಿಗೆ ಎಷ್ಟು ಪಾಲಿದೆಯೋ ಮನೆಯವರಿಗೂ ಅಷ್ಟೇ ಪಾಲಿದೆ. ಇದನ್ನು ಹೇಳುವುದಕ್ಕೇ ಬಂದಿದ್ದೇನೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಾಗಿಲಲ್ಲಿ ಹುಲಿಯ ಮೇಲೆ ಬಿದ್ದಿರುವ ಸಳನ ಶಿಲ್ಪವನ್ನು ನೀವೆಲ್ಲ ನೋಡಿದ್ದೀರಿ. ಆ ಹುಡುಗನ ಮೈಯೊಳಗೆ ಆ ಗಳಿಗೆಯಲ್ಲಿ ಏನು ನಡೆದಿರಬೇಕು ಅಂತ ಯೋಚಿಸಿ. ಎದೆ ಹೊಡೆದುಕೊಂಡಿರುತ್ತದೆ. ತೋಳಿಗೆ ಬಲ ಬೇಕು, ಆದ್ದರಿಂದ ಪಿತ್ತಜನಕಾಂಗ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿದಿರುತ್ತದೆ. ಹುಲಿಯ ಎದುರು ನಿಂತಾಗ ಊಟ ಅರಗಿಸುವ ಕೆಲಸಕ್ಕೆ ಅವಸರವಿಲ್ಲ, ಹಾಗಾಗಿ ಕರುಳು ನಿಂತಿರುತ್ತದೆ. ಗಾಯವಾಗಿ ರಕ್ತ ಹರಿದರೆ ಎಂದು ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ರಕ್ತ ಬೇಗ ಹೆಪ್ಪುಗಟ್ಟಲು ತಯಾರಾಗಿರುತ್ತದೆ. ನಂಜು ಒಳಗೆ ಬಂದರೆ ಎದುರಿಸಲು ಬಿಳಿ ರಕ್ತಕಣಗಳು ಎದ್ದು ನಿಂತಿರುತ್ತವೆ. ಈಗ ಮೊದಲು ಹೇಳಿದ ಪ್ರಶ್ನೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಏರಿದ ಸಕ್ಕರೆ, ಕಮ್ಮಿಯಾದ ಮೂತ್ರ, ಉಬ್ಬಿದ ಹೊಟ್ಟೆ, ಬೆಚ್ಚಗಿನ ಮೈ, ಓಡುವ ನಾಡಿ, ಎಲ್ಲವೂ ಇಲ್ಲೇ ಇವೆ. ಎದುರಿಗೆ ಬಂದದ್ದು ಹುಲಿಯೋ, ಜೀವ ಉಳಿಸಲು ಬಂದ ಸರ್ಜನ್ನಿನ ಕತ್ತಿಯೋ ದೇಹಕ್ಕೆ ಗೊತ್ತಾಗುವುದಿಲ್ಲ. ಸಳನ ಕಾಳಗ ಗಳಿಗೆಯಲ್ಲಿ ಮುಗಿಯಿತು. ರೋಗಿಯ ಒಳಗಿನದು ದಿನಗಟ್ಟಲೆ ನಡೆಯುತ್ತದೆ.

ನೀವು ಕೇಳಬಹುದು, ರೋಗಿಗೆ ಎಚ್ಚರವೇ ಇರಲಿಲ್ಲವಲ್ಲ, ನೋವೇ ಗೊತ್ತಾಗಲಿಲ್ಲವಲ್ಲ ಎಂದು. ಎಚ್ಚರ ತಪ್ಪಿಸಿದರೆ ಮನಸ್ಸಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಹೊಟ್ಟೆಯ ಗೋಡೆಯಿಂದ ಹೊರಟ ನರಗಳು ಬೆನ್ನುಹುರಿಯ ಮೂಲಕ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತಲೇ ಇರುತ್ತವೆ. 1959ರಲ್ಲಿ ಅಮೆರಿಕದ ರಿಚರ್ಡ್ ಎಗ್ಡಾಲ್ ಎಂಬ ಸರ್ಜನ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕಾಲನ್ನು ದೇಹದಿಂದ ಬೇರ್ಪಡಿಸಿ, ನರ ಮತ್ತು ರಕ್ತನಾಳಗಳ ಸಂಪರ್ಕ ಮಾತ್ರ ಉಳಿಸಿ, ಆ ಕಾಲಿಗೆ ಗಾಯ ಮಾಡಿದಾಗ ಅಡ್ರಿನಲ್ ಗ್ರಂಥಿ ತಕ್ಷಣ ಹಾರ್ಮೋನು ಸುರಿಸಿತು. ನರವನ್ನು ಕತ್ತರಿಸಿದ ಮೇಲೆ ಅದು ಸುಮ್ಮನಾಯಿತು. ಓದುವುದಕ್ಕೆ ಕಠೋರವಾದ ಪ್ರಯೋಗವೇ ಸರಿ. ಆದರೆ ಇವತ್ತು ಬೆನ್ನಿನಲ್ಲಿ ಕೂದಲೆಳೆಯಂಥ ನಳಿಕೆ ಇಟ್ಟು ಕೊಡುವ ಎಪಿಡ್ಯೂರಲ್ ಅರಿವಳಿಕೆ ಏಕೆ ಇಷ್ಟು ಉಪಕಾರಿ ಎಂಬುದಕ್ಕೆ ಉತ್ತರ ಅದರಲ್ಲಿದೆ. ನರದ ದಾರಿಯನ್ನೇ ಮುಚ್ಚಿದರೆ ಹೈಪೋಥಲಾಮಸ್‌ಗೆ ಸುದ್ದಿ ಹೋಗುವುದು ಕಡಿಮೆಯಾಗುತ್ತದೆ.

ಅಡ್ರಿನಲ್ ಎಂದರೆ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದರಂತೆ ಕೂತ ಸಣ್ಣ ಗ್ರಂಥಿಗಳು. ಅವುಗಳ ಒಳತಿರುಳು ಅಡ್ರಿನಲಿನ್ ಕೊಡುತ್ತದೆ, ಹೊರಪದರ ಕಾರ್ಟಿಸಾಲ್ ಕೊಡುತ್ತದೆ. ದೊಡ್ಡ ಹೊಟ್ಟೆ ಆಪರೇಷನ್ ಶುರುವಾದ ನಾಲ್ಕಾರು ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಟಿಸಾಲ್ ಮೂರು ನಾಲ್ಕು ಪಟ್ಟು ಏರಬಹುದು. ಮಾಮೂಲಿ ದಿನದಲ್ಲಿ ಇದು ಸಾಕಷ್ಟಾದ ಕೂಡಲೇ ಮಿದುಳು "ಸಾಕು" ಎಂದು ತಡೆಯುತ್ತದೆ. ಆಪರೇಷನ್ ಆದಾಗ ಆ ತಡೆಯೂ ಕೆಲಸ ಮಾಡುವುದಿಲ್ಲ.

ನರಗಳದ್ದು ಒಂದು ದಾರಿಯಾದರೆ ಗಾಯದ್ದೇ ಇನ್ನೊಂದು ದಾರಿ. ಕೊಯ್ದ ಜಾಗದಲ್ಲಿ ಸೇರುವ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ಅದು ಏರಿ, ಸುಮಾರು ಒಂದು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೈ ಬೆಚ್ಚಗಾಗುವುದು ಇದರಿಂದ. ಇದೇ ಪಿತ್ತಜನಕಾಂಗಕ್ಕೆ ಸಿಆರ್‌ಪಿ ಎಂಬ ಪ್ರೋಟೀನು ತಯಾರಿಸು ಎನ್ನುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಆ ಮೂರಕ್ಷರ ನೋಡಿದ್ದೀರಿ. ಸಿಆರ್‌ಪಿ ಎರಡು ಮೂರನೇ ದಿನಕ್ಕೆ ಏರಿ, ಆಮೇಲೆ ಇಳಿಯಬೇಕು. ಇಳಿಯದೆ ನಾಲ್ಕನೇ ದಿನವೂ ಲೀಟರಿಗೆ 150 ಮಿಲಿಗ್ರಾಮಿನ ಮೇಲೇ ನಿಂತರೆ ಡಾಕ್ಟರಿಗೆ ಅನುಮಾನ ಹುಟ್ಟುತ್ತದೆ. ಕತ್ತರಿಸಿ ಜೋಡಿಸಿದ ಕರುಳಿನ ಹೊಲಿಗೆ ಸೋರುತ್ತಿದೆಯೋ ಎಂದು ಸ್ಕ್ಯಾನ್ ಮಾಡಿಸುತ್ತಾರೆ. ಮೊದಲ ಎರಡು ದಿನದ ಬಿಸಿಗೆ ಹೆದರಬೇಕಾಗಿಲ್ಲ. ಮೂರು ದಿನ ಕಳೆದ ಮೇಲೆ ಹೊಸದಾಗಿ ಜ್ವರ ಏರುವುದು, ನಾಡಿ ಓಡುವುದು, ಇಳಿಯುತ್ತಿದ್ದ ಹೊಟ್ಟೆನೋವು ಮತ್ತೆ ಜಾಸ್ತಿಯಾಗುವುದು, ಇವನ್ನು ಮಾತ್ರ ಒಂದು ಗಂಟೆಯೂ ತಡಮಾಡದೆ ಸಿಸ್ಟರಿಗೆ ಹೇಳಿ. ರಾತ್ರಿ ಎರಡು ಗಂಟೆಯಾದರೂ ಎಬ್ಬಿಸಿ ಹೇಳಿ.

ಸಕ್ಕರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲೇ ಜಗಳ ಹೆಚ್ಚು. ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಮೂರೂ ಸೇರಿ ಸಕ್ಕರೆ ಏರಿಸುತ್ತವೆ. ಇನ್ಸುಲಿನ್ ಇದ್ದರೂ ಸ್ನಾಯುಗಳು ಅದರ ಮಾತು ಕೇಳುವುದಿಲ್ಲ. ಆಪರೇಷನ್ ಸಲೀಸಾಗಿ ಮುಗಿದರೂ ಈ ಸ್ಥಿತಿ ಎರಡು ಮೂರು ವಾರ ಇರಬಹುದು. ಏರಿದ ಸಕ್ಕರೆ ಗಾಯ ಮಾಯುವುದನ್ನು ತಡೆಯುತ್ತದೆ, ಕೀವಾಗಲು ದಾರಿ ಮಾಡುತ್ತದೆ. ಅದಕ್ಕೇ ಕೆಲವು ದಿನ ಇನ್ಸುಲಿನ್ ಕೊಡುತ್ತೇವೆ. "ಒಂದ್ಸಲ ಇನ್ಸುಲಿನ್ ಶುರು ಮಾಡಿದ್ರೆ ಸಾಯೋವರೆಗೂ ಬಿಡಂಗಿಲ್ಲ, ಬ್ಯಾಡ" ಎಂದು ಮಗ ಅಡ್ಡ ನಿಲ್ಲುತ್ತಾನೆ. ಹಾಗೇನೂ ಇಲ್ಲ. ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೆ ದೇಹ ತಣ್ಣಗಾದ ಮೇಲೆ ಅದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಇನ್ಸುಲಿನ್ ನಿಲ್ಲಿಸುತ್ತೇವೆ. ಮೊದಲೇ ಇದ್ದವರು ಮಾತ್ರ ತಮ್ಮ ಮಾತ್ರೆಗಳ ಪಟ್ಟಿಯನ್ನು ಆಪರೇಷನ್ನಿಗೆ ಮುಂಚೆಯೇ ತೋರಿಸಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಸ್ನಾಯು ಕರಗುವುದು. ಕೂಡಿಟ್ಟ ಸಕ್ಕರೆ ಒಂದು ದಿನಕ್ಕೆ ಮುಗಿದುಹೋಗುತ್ತದೆ. ಆಮೇಲೆ ದೇಹ ತನ್ನ ಸ್ನಾಯುವಿನ ಪ್ರೋಟೀನನ್ನೇ ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಇದನ್ನು ಮೊದಲು ಅಳೆದು ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಡೇವಿಡ್ ಕತ್‌ಬರ್ಟ್‌ಸನ್. 1930ರ ಆಸುಪಾಸಿನಲ್ಲಿ ಅವರು ಕಾಲುಮೂಳೆ ಮುರಿದವರ ಮೂತ್ರವನ್ನು ದಿನದಿನವೂ ಪರೀಕ್ಷಿಸುತ್ತಾ ಹೋದರು. ಪ್ರೋಟೀನು ಒಡೆದಾಗ ಬರುವ ಸಾರಜನಕ ಅದರಲ್ಲಿ ಎಷ್ಟೋ ಹೆಚ್ಚಾಗಿತ್ತು. ಪೆಟ್ಟು ಬಿದ್ದ ಜಾಗದಿಂದಷ್ಟೇ ಅಷ್ಟು ಬರಲು ಸಾಧ್ಯವಿರಲಿಲ್ಲ. ಅಂದರೆ ಪೆಟ್ಟು ತಿಂದದ್ದು ಒಂದು ಕಾಲು, ಕರಗುತ್ತಿದ್ದದ್ದು ಇಡೀ ಮೈಯ ಸ್ನಾಯು. ಕರುಳಿನ ಕ್ಯಾನ್ಸರಿನವರ ಗತಿ ಇನ್ನೂ ಕಷ್ಟ. ತಿಂಗಳುಗಟ್ಟಲೆ ಮಲದಲ್ಲಿ ರಕ್ತ ಹೋಗಿ ಮುಖ ಬಿಳಿಚಿಕೊಂಡಿರುತ್ತದೆ, ತೂಕ ಇಳಿದಿರುತ್ತದೆ. ಮೂಲವ್ಯಾಧಿ ಎಂದುಕೊಂಡು ಊರಲ್ಲೇ ಔಷಧಿ ಮಾಡಿಕೊಂಡು ದಿನ ಕಳೆದಿರುತ್ತಾರೆ. ಹೀಗೆ ಸವೆದ ಮೈಯೊಂದಿಗೇ ಆಪರೇಷನ್ ಟೇಬಲ್ಲಿಗೆ ಬರುತ್ತಾರೆ. ಅದರ ಮೇಲೆ ಹಳೆಯ ಪದ್ಧತಿಯಂತೆ ಹಿಂದಿನ ಸಂಜೆಯಿಂದ ಉಪವಾಸ, ಆಪರೇಷನ್ ಆದ ಮೇಲೆ ಮತ್ತೆ ನಾಲ್ಕೈದು ದಿನ ಬಾಯಿಗೆ ಹನಿ ನೀರಿಲ್ಲ. ಏನನ್ನು ತಿಂದು ಆ ದೇಹ ಗಾಯ ಮಾಯಿಸಬೇಕು?

ಈ ಹಳೆಯ ಪದ್ಧತಿಯನ್ನು ಬುಡಸಮೇತ ಪ್ರಶ್ನೆ ಮಾಡಿದವರು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಗೌರವವಿರುವ ಹೆಸರು ಅದು. 1970ರ ದಶಕದಲ್ಲೇ ಅವರೂ ಅವರ ಜೊತೆಗಾರರೂ ಎಪಿಡ್ಯೂರಲ್ ಕೊಟ್ಟರೆ ಕಾರ್ಟಿಸಾಲೂ ಸಕ್ಕರೆಯೂ ಏರದಂತೆ ತಡೆಯಬಹುದೆಂದು ತೋರಿಸಿದ್ದರು. 1995ರಲ್ಲಿ ಕೆಲವೇ ಮಂದಿ ವಯಸ್ಸಾದ, ದುರ್ಬಲ ರೋಗಿಗಳ ದೊಡ್ಡ ಕರುಳಿನ ಆಪರೇಷನ್ನಿನಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಿ ನೋಡಿದರು. ಸಣ್ಣ ರಂಧ್ರಗಳ ಮೂಲಕ ಆಪರೇಷನ್, ನೋವಿಗೆ ಎಪಿಡ್ಯೂರಲ್, ಬೇಗ ಊಟ, ಬೇಗ ಓಡಾಟ. ಎರಡೇ ದಿನಕ್ಕೆ ಅವರನ್ನು ಮನೆಗೆ ಕಳಿಸುವಂತಾಯಿತು. ಹತ್ತು ದಿನ ಆಸ್ಪತ್ರೆಯಲ್ಲಿಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದನ್ನು ನಂಬುವುದೇ ಕಷ್ಟವಾಗಿತ್ತು. 2001ರ ಹೊತ್ತಿಗೆ ಯೂರೋಪಿನ ಕೆಲವು ದೇಶಗಳ ಸರ್ಜನ್ನರು ಸೇರಿ ಇದನ್ನು ಇರಾಸ್ ಎಂಬ ಹೆಸರಿನ ಕ್ರಮವಾಗಿ ರೂಪಿಸಿದರು. ನಮ್ಮ ದೇಶದಲ್ಲೂ ಹಲವು ಆಸ್ಪತ್ರೆಗಳು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಇದನ್ನು ಪಾಲಿಸುತ್ತಿವೆ. ಎರಡು ದಿನಕ್ಕೆ ಮನೆಗೆ ಕಳಿಸುವುದು ನಮ್ಮಲ್ಲಿ ಎಲ್ಲರಿಗೂ ಆಗುವ ಮಾತಲ್ಲ. ಹೊಲಿಗೆಯಲ್ಲಿ ತೊಂದರೆಯಾದರೆ ಹಳೇಬೀಡಿನಿಂದ ಬೆಂಗಳೂರಿಗೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದೂ ಯೋಚಿಸಬೇಕಲ್ಲ.

ಆ ಕ್ರಮದ ಮೊದಲ ಕೆಲಸ ಉಪವಾಸ ಕಮ್ಮಿ ಮಾಡುವುದು. ಗಟ್ಟಿ ಆಹಾರವನ್ನು ಆಪರೇಷನ್ನಿಗೆ 6 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ತಿಳಿ ದ್ರವವನ್ನು, ಅಂದರೆ ನೀರು, ಹಾಲಿಲ್ಲದ ಟೀ, ಹಾಲಿಲ್ಲದ ಕಾಫಿ ಇಂಥವನ್ನು, 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಬಹಳ ಕಡೆ 400 ಮಿಲಿಲೀಟರಿನಷ್ಟು ಸಿಹಿ ಪಾನೀಯವನ್ನೇ ಕೊಡುತ್ತಾರೆ. ಉಂಡ ದೇಹ ಇನ್ಸುಲಿನ್ನಿಗೆ ಓಗೊಡುವ ರೀತಿಯೇ ಬೇರೆ, ಹಸಿದ ದೇಹದ ರೀತಿಯೇ ಬೇರೆ. ಸಕ್ಕರೆ ಕಾಯಿಲೆಯವರಿಗೂ ಕರುಳು ಕಟ್ಟಿಕೊಂಡು ವಾಂತಿ ಮಾಡುತ್ತಿರುವವರಿಗೂ ಇದು ಅನ್ವಯಿಸುವುದಿಲ್ಲ, ಅವರು ಅರಿವಳಿಕೆ ಡಾಕ್ಟರು ಹೇಳಿದಂತೆಯೇ ನಡೆಯಬೇಕು. ಎಳನೀರು ಕೊಡಬಹುದಾ ಎಂದು ಅರಸೀಕೆರೆಯವರು ಕೇಳಿಯೇ ಕೇಳುತ್ತೀರಿ, ತೆಂಗಿನ ಸೀಮೆಯವರಲ್ಲವೇ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂತ್ರಪಿಂಡ ಸರಿಯಿಲ್ಲದವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಕೊಡಬೇಡಿ.

ಎರಡನೆಯದು ಡ್ರಿಪ್. "ಸುಸ್ತಾಗೈತೆ, ಇನ್ನೊಂದು ಬಾಟ್ಲು ಏರಿಸಿ ಮೇಡಂ" ಎನ್ನುವುದು ನಮ್ಮ ಕಡೆ ಪ್ರೀತಿ ತೋರಿಸುವ ರೀತಿ. ದೇಹ ಆಗಲೇ ಉಪ್ಪು ನೀರನ್ನು ಹಿಡಿದಿಟ್ಟುಕೊಂಡಿದೆ ಎಂದೆನಲ್ಲ, ಅದರ ಮೇಲೆ ಬಾಟಲಿಗಟ್ಟಲೆ ಸಲೈನ್ ಹಾಕಿದರೆ ಅದು ಕೈಕಾಲಿನಲ್ಲಿ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಹೊಲಿದ ಕರುಳಿನ ಗೋಡೆಯಲ್ಲೂ ನಿಂತು ಊದಿಸುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ದಿಲೀಪ್ ಲೋಬೊ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪರೀಕ್ಷಿಸಿದರು. ದೊಡ್ಡ ಕರುಳಿನ ಆಪರೇಷನ್ ಆದ 20 ಮಂದಿಯಲ್ಲಿ ಅರ್ಧ ಜನಕ್ಕೆ ವಾಡಿಕೆಯಷ್ಟು, ಅರ್ಧ ಜನಕ್ಕೆ ಕಡಿಮೆ ಉಪ್ಪು ನೀರು ಕೊಟ್ಟರು. ಕಡಿಮೆ ಕೊಟ್ಟವರ ಜಠರ ಬೇಗ ಕೆಲಸ ಶುರು ಮಾಡಿತು, ಅವರು ಬೇಗ ಮನೆಗೆ ಹೋದರು. ಮೊದಲ ದಿನ ಮೂತ್ರ ಸ್ವಲ್ಪ ಕಮ್ಮಿ ಬಂದರೆ ಅದರ ಲೆಕ್ಕ ನಾವು ಇಡುತ್ತೇವೆ. ಬಾಟಲಿಗಾಗಿ ಒತ್ತಾಯ ಮಾಡಬೇಡಿ.

ಮೂರನೆಯದು ಕರುಳಿನ ಮೌನ. ಮುಟ್ಟಿದ, ಎಳೆದಾಡಿದ, ಕತ್ತರಿಸಿದ ಕರುಳು ಸ್ವಲ್ಪ ಕಾಲ ಅಲ್ಲಾಡದೆ ಮಲಗಿಬಿಡುತ್ತದೆ. ಸಣ್ಣ ಕರುಳು ದಿನದೊಳಗೆ ಏಳುತ್ತದೆ, ಜಠರ ಒಂದೆರಡು ದಿನ, ದೊಡ್ಡ ಕರುಳು ಎರಡು ಮೂರು ದಿನ, ಕೆಲವರಲ್ಲಿ ಅದಕ್ಕೂ ಹೆಚ್ಚು. ನೋವಿಗೆ ಕೊಡುವ ಮಾರ್ಫಿನ್ ಇದನ್ನು ಇನ್ನಷ್ಟು ಎಳೆಯುತ್ತದೆ. ಅದಕ್ಕೇ ಎಪಿಡ್ಯೂರಲ್, ಪ್ಯಾರಾಸಿಟಮಾಲ್ ಇವುಗಳಿಂದ ನೋವು ತಡೆದು, ಮಾರ್ಫಿನ್ ಎಷ್ಟು ಕಮ್ಮಿ ಆಗುತ್ತದೋ ಅಷ್ಟು ಕಮ್ಮಿ ಮಾಡುತ್ತೇವೆ.

ಹಳೇಬೀಡಿನ ಕಡೆಯ ಒಬ್ಬ ಹಿರಿಯರ ಎರಡನೇ ಬೆಳಿಗ್ಗೆ ನನಗೆ ನೆನಪಿದೆ. ರೌಂಡ್ಸಿಗೆ ಹೋದಾಗ "ಏನಜ್ಜಾ, ಗಾಳಿ ಹೋಯ್ತಾ?" ಎಂದೆ. ಪಕ್ಕದಲ್ಲೇ ಸೊಸೆ ನಿಂತಿದ್ದರಿಂದ ಅವರಿಗೆ ಸಂಕೋಚ. ಗೋಡೆ ಕಡೆ ಮುಖ ಮಾಡಿ, "ಇಲ್ಲ ತಾಯಿ, ಗುಡುಗುಡು ಅಂತೈತೆ ಅಷ್ಟೆ" ಎಂದರು. ಆ ಗುಡುಗುಡು ನಮಗೆ ಶುಭಸುದ್ದಿ. ಸ್ಟೆತೋಸ್ಕೋಪಿಟ್ಟು ಕೇಳಿದೆ, ಕರುಳು ಮಾತಾಡಲು ಶುರು ಮಾಡಿತ್ತು. ಸಿಸ್ಟರ್ ಅವರನ್ನು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಬಿಟ್ಟು ಕೂರಿಸಿದರು. "ಬ್ಯಾಡ ಮೇಡಂ, ಹೊಲಿಗೆ ಬಿಚ್ಕಂಡ್ರೆ?" ಎಂದು ಸೊಸೆ ಓಡಿ ಬಂದು ಮಾವನ ಹೆಗಲು ಹಿಡಿದುಕೊಂಡಳು. ಹೊಟ್ಟೆಗೊಂದು ದಿಂಬು ಒತ್ತಿ ಹಿಡಿಯಲು ಹೇಳಿ, ಮೂತ್ರದ ಚೀಲವನ್ನು ಅವಳ ಕೈಗೇ ಕೊಟ್ಟೆ. ಅಜ್ಜ ಎದ್ದರು. ಮಂಚದಿಂದ ಕಿಟಕಿಯವರೆಗೆ, ಮತ್ತೆ ಮಂಚಕ್ಕೆ. ಹಣೆಯ ಮೇಲೆ ಬೆವರು ಮೂಡಿತ್ತು, ಮುಖದಲ್ಲಿ ಗೆಲುವಿತ್ತು. ಮಧ್ಯಾಹ್ನ ಅವಳೇ ಅವರನ್ನು ಎಬ್ಬಿಸಿ ಬಾಗಿಲವರೆಗೆ ನಡೆಸಿದಳು. ಮೂರು ಚೆಂಡಿರುವ ಉಸಿರಿನ ಉಪಕರಣವನ್ನು ಬಾಯಿಗಿಟ್ಟು "ಎಳೀರಿ ಮಾವಾ, ಇನ್ನೊಂದು ಚೆಂಡು ಏರ್ಲಿ" ಎಂದು ಗಂಟೆಗೊಮ್ಮೆ ಒತ್ತಾಯ ಮಾಡುತ್ತಿದ್ದಳು. ಅವಳು ಆ ದಿನ ಮಾಡಿದ ಆರೈಕೆಯನ್ನು ಯಾವ ಇಂಜೆಕ್ಷನ್ನೂ ಮಾಡುತ್ತಿರಲಿಲ್ಲ.

ಏಕೆಂದರೆ ನಡಿಗೆಯೆಂದರೆ ಕರಗುವ ಸ್ನಾಯುವಿಗೆ ನಿಲ್ಲು ಎಂದು ಹೇಳುವ ಔಷಧಿ. ಹೆಪ್ಪುಗಟ್ಟಲು ಕಾಯುತ್ತಿರುವ ರಕ್ತವನ್ನು ಕಾಲಿನ ನಾಳಗಳಲ್ಲಿ ಓಡಿಸುವುದೂ ಅದೇ. ಕ್ಯಾನ್ಸರ್ ರೋಗಿಗಳಲ್ಲಿ ಈ ಹೆಪ್ಪಿನ ಅಪಾಯ ಹೆಚ್ಚು. ಹಾಗಾಗಿ ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪರಿನ್ ಇಂಜೆಕ್ಷನ್ನನ್ನು ಕೆಲವರಿಗೆ 4 ವಾರದವರೆಗೂ ಮುಂದುವರಿಸುತ್ತಾರೆ, ಮನೆಗೆ ಹೋದ ಮೇಲೆ ಅದನ್ನು ಬಿಡಬೇಡಿ. "ಅಲ್ಲಾಡಬ್ಯಾಡಿ, ಸುಮ್ನೆ ಮಲಗಿ" ಎನ್ನುವ ನಮ್ಮ ಮನೆಗಳ ಅಕ್ಕರೆ ಈ ಒಂದು ಸಂದರ್ಭದಲ್ಲಿ ಕೆಡುಕು ಮಾಡುತ್ತದೆ.

ಬೇಲೂರಿನವರಿಗೆ ಖುಷಿಯಾಗುವ ಒಂದು ಸಂಗತಿಯಿದೆ. ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರಲ್ಲಿ ಕೆಲವರಿಗೆ ದಿನಕ್ಕೆ ಮೂರು ಸಲ 100 ಮಿಲಿಲೀಟರ್ ಕಾಫಿ, ಉಳಿದವರಿಗೆ ಅಷ್ಟೇ ಬಿಸಿನೀರು ಕೊಟ್ಟರು. ಕಾಫಿ ಕುಡಿದವರಿಗೆ ಸುಮಾರು 60 ಗಂಟೆಗೆ ಮೊದಲ ಮಲವಿಸರ್ಜನೆಯಾಯಿತು, ನೀರು ಕುಡಿದವರಿಗೆ 74 ಗಂಟೆ ಬೇಕಾಯಿತು. ಕಾಫಿ ತೋಟದ ನಡುವೆ ಇದ್ದುಕೊಂಡು ಆಪರೇಷನ್ ಆದವರಿಗೆ ಕಾಫಿ ನಿಷಿದ್ಧ ಎಂದುಕೊಂಡಿದ್ದೇವೆ. ಡಾಕ್ಟರು ಬಾಯಿಗೆ ದ್ರವ ಕೊಡಬಹುದು ಎಂದ ಮೇಲೆ ಅರ್ಧ ಲೋಟ ಕಪ್ಪು ಕಾಫಿಯನ್ನೂ ಕೇಳಿ ನೋಡಿ.

ಈಗ ದೇಹದಿಂದ ಮನಸ್ಸಿಗೆ ಬರುತ್ತೇನೆ. ಅಡ್ರಿನಲಿನ್ ಏರಲು ಕತ್ತಿಯೇ ಬೇಕಿಲ್ಲ, ಭಯ ಸಾಕು. ನಮ್ಮ ಕಡೆ ರೋಗಿಗೆ ಕ್ಯಾನ್ಸರ್ ಎಂದು ಹೇಳುವುದಿಲ್ಲ. "ಗಡ್ಡೆ ಅಂತ ಹೇಳಿದ್ದೀವಿ, ಅವರ ಮುಂದೆ ಆ ಹೆಸರು ಎತ್ತಬೇಡಿ" ಎಂದು ಕಾರಿಡಾರಿನಲ್ಲಿ ಕೈಮುಗಿಯುತ್ತಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಗುದದ ಹತ್ತಿರದ ಗಡ್ಡೆ ತೆಗೆದಾಗ ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಇಡಬೇಕಾಗುತ್ತದೆ, ಕೆಲವು ತಿಂಗಳಿಗೋ ಜೀವನಪೂರ್ತಿಗೋ. ಅದನ್ನು ಮೊದಲೇ ಹೇಳದೆ ಮಲಗಿಸಿ, ಎಚ್ಚರವಾದಾಗ ಆ ಮನುಷ್ಯ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ಬೆಚ್ಚಿಬೀಳುವಂತೆ ಮಾಡುವುದು ಅನ್ಯಾಯ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಏನು ಮಾಡುತ್ತಾರೆ, ಎದ್ದಾಗ ಮೂಗಿನಲ್ಲಿ ನಳಿಕೆ ಇರುತ್ತದಾ, ಚೀಲ ಇರುತ್ತದಾ, ನೋವಿಗೆ ಯಾರನ್ನು ಕೂಗಬೇಕು ಎಂದು ರೋಗಿಗೇ ವಿವರಿಸುವುದನ್ನು ಇರಾಸ್ ಕ್ರಮ ಚಿಕಿತ್ಸೆಯ ಭಾಗವಾಗಿಯೇ ಇಟ್ಟಿದೆ.

"ಕ್ಯಾನ್ಸರಿಗೆ ಕತ್ತಿ ತಾಗಿಸಿದ್ರೆ ಮೈಯೆಲ್ಲ ಹರಡ್ತದೆ" ಎಂಬ ಇನ್ನೊಂದು ಭಯಕ್ಕೂ ಉತ್ತರ ಹೇಳಬೇಕು. ಆಪರೇಷನ್ ಮಾಡಿಸದೆ ಬಿಟ್ಟರೆ ಕರುಳಿನ ಗಡ್ಡೆ ಬೆಳೆದು ಕರುಳನ್ನು ಕಟ್ಟುತ್ತದೆ, ಪಿತ್ತಜನಕಾಂಗಕ್ಕೆ ಹೋಗುತ್ತದೆ. ಗಡ್ಡೆ ಕರುಳಿನಲ್ಲಷ್ಟೇ ಇರುವಾಗ ಗುಣವಾಗಬೇಕಾದರೆ ಬಹುಮಟ್ಟಿಗೆ ಅದನ್ನು ತೆಗೆಯಲೇಬೇಕು. ಆದರೆ ಆ ಕೆಲವು ದಿನ ಕಾರ್ಟಿಸಾಲ್, ಅಡ್ರಿನಲಿನ್ ಏರಿದಾಗ ಕ್ಯಾನ್ಸರ್ ಕಣಗಳನ್ನು ಬೇಟೆಯಾಡುವ ರಕ್ಷಕ ಕಣಗಳು ಮಂಕಾಗುತ್ತವೆ ಎಂಬುದೂ ನಿಜ. ಇದನ್ನು ತಡೆಯಲು ಆಗುತ್ತದೆಯೇ ಎಂದು ಪ್ರಪಂಚದಲ್ಲಿ ಗಂಭೀರ ಸಂಶೋಧನೆ ನಡೆದಿದೆ. ಸ್ತನ ಕ್ಯಾನ್ಸರಿನ 2,132 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅರಿವಳಿಕೆಯ ವಿಧ ಬದಲಿಸಿದರೆ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಲಿಲ್ಲ. ಆದರೆ 2023ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ನೇತೃತ್ವದಲ್ಲಿ ನಮ್ಮ ದೇಶದ್ದೇ ಹಲವು ಕೇಂದ್ರಗಳು ನಡೆಸಿದ ಪರೀಕ್ಷೆಯ ಫಲಿತಾಂಶ ಆಶಾದಾಯಕವಾಗಿತ್ತು. ಸ್ತನದ ಗಡ್ಡೆ ತೆಗೆಯುವ ಮುಂಚೆ ಅದರ ಸುತ್ತ ಲಿಗ್ನೊಕೇನ್ ಚುಚ್ಚಿದವರಲ್ಲಿ ಐದು ವರ್ಷಕ್ಕೆ ರೋಗವಿಲ್ಲದೆ ಉಳಿದವರು ನೂರಕ್ಕೆ ಸುಮಾರು 87, ಚುಚ್ಚದವರಲ್ಲಿ ಸುಮಾರು 83. ಲಿಗ್ನೊಕೇನ್ ಎಂದರೆ ಹಲ್ಲು ಕೀಳುವಾಗ ಮರಗಟ್ಟಿಸುವ ಅಗ್ಗದ ಇಂಜೆಕ್ಷನ್. ಕರುಳಿನ ಕ್ಯಾನ್ಸರಿಗೆ ಇದನ್ನೇ ಅನ್ವಯಿಸಲು ಇನ್ನೂ ಬರುವುದಿಲ್ಲ. ಆದರೂ ಆ ಕೆಲವು ದಿನಗಳಲ್ಲಿ ದೇಹದೊಳಗೆ ನಡೆಯುವುದು ಮುಂದಿನ ವರ್ಷಗಳ ಮೇಲೆ ಪರಿಣಾಮ ಮಾಡಬಲ್ಲದು ಎಂಬ ಅನುಮಾನಕ್ಕೆ ಬಲ ಬಂದಿದೆ.

ಆಪರೇಷನ್ನಿಗೆ ಮುಂಚೆ ಮನೆಯವರು ತಪ್ಪದೆ ಹೇಳಬೇಕಾದ ಒಂದು ಮಾತಿದೆ. ಮಂಡಿನೋವಿಗೋ ಉಬ್ಬಸಕ್ಕೋ ಚರ್ಮದ ಕಾಯಿಲೆಗೋ ತಿಂಗಳುಗಟ್ಟಲೆ ಮಾತ್ರೆ ತಿಂದಿರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಒಂದು ತಿಂಗಳು ತಿಂದರೂ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಕೂತಿರಬಹುದು. ಈವರೆಗೆ ಹೇಳಿದ್ದು ಕಾರ್ಟಿಸಾಲ್ ಅತಿಯಾಗುವ ಕಷ್ಟ. ಇವರಿಗೆ ಬೇಕಾದಾಗ ಅದು ಬರುವುದೇ ಇಲ್ಲ, ಟೇಬಲ್ಲಿನ ಮೇಲೆ ರಕ್ತದೊತ್ತಡ ಕುಸಿದುಹೋಗುತ್ತದೆ. ನಮಗೆ ಮೊದಲೇ ಗೊತ್ತಿದ್ದರೆ ಒಂದು ಇಂಜೆಕ್ಷನ್ನಿನಿಂದ ತಡೆಯಬಹುದು. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಚೀಟಿ, ಪೊಟ್ಟಣ, ಪುಡಿಯ ಕಾಗದ, ಏನಿದೆಯೋ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಬೀಡಿ, ಸಿಗರೇಟು, ಕುಡಿತ ಇದ್ದರೆ ದಿನಾಂಕ ಗೊತ್ತಾದ ದಿನವೇ ನಿಲ್ಲಿಸಿ, ನಾಲ್ಕು ವಾರ ಸಿಕ್ಕರೆ ಶ್ವಾಸಕೋಶಕ್ಕೂ ಗಾಯಕ್ಕೂ ದೊಡ್ಡ ಉಪಕಾರ. ದಿನವೂ ಕುಡಿಯುವವರು ಮಾತ್ರ ಒಮ್ಮೆಗೇ ಬಿಡುವ ಮುಂಚೆ ಡಾಕ್ಟರನ್ನು ಕೇಳಿ. ರಕ್ತ ಕಮ್ಮಿ ಇದ್ದರೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡುತ್ತಾರೆ, ಅದಕ್ಕೂ ದಿನಗಳು ಬೇಕು.

ಮನೆಗೆ ಬಂದ ಮೇಲೆ ಬರೀ ಗಂಜಿಯಲ್ಲಿ ದಿನ ದೂಡಿಸಬೇಡಿ. ಕರಗಿದ ಸ್ನಾಯು ಗಂಜಿ ನೀರಿನಿಂದ ಮರಳುವುದಿಲ್ಲ. ಡಾಕ್ಟರು ಒಪ್ಪಿದ ಮೇಲೆ ಮೊಟ್ಟೆ, ಮೀನು, ಮೊಸರು, ಮೆತ್ತಗೆ ಬೆಂದ ಬೇಳೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ನಾರು ಹೆಚ್ಚಿರುವುದನ್ನು ನಿಧಾನವಾಗಿ ಶುರು ಮಾಡಿ. ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡೆಸಿ. ಸುಸ್ತು ಕೆಲವು ವಾರ ಇರುತ್ತದೆ, ಅದು ರೋಗ ತಿರುಗಿ ಬಂದ ಗುರುತಲ್ಲ.

ಈ ವಾರಗಳಿಗೆ ಇನ್ನೊಂದು ಕಾರಣಕ್ಕೂ ಬೆಲೆಯಿದೆ. ತೆಗೆದ ಗಡ್ಡೆಯ ಪರೀಕ್ಷೆಯಲ್ಲಿ ಪಕ್ಕದ ದುಗ್ಧಗ್ರಂಥಿಗಳಿಗೂ ಕ್ಯಾನ್ಸರ್ ಹರಡಿದೆ ಎಂದು ಬಂದರೆ ಕೀಮೋಥೆರಪಿ ಬೇಕಾಗುತ್ತದೆ. ಅದು ಆಪರೇಷನ್ ಆಗಿ ಎಂಟು ವಾರದೊಳಗೆ ಶುರುವಾಗಬೇಕು, ತಡವಾದಷ್ಟೂ ಅದರ ಪ್ರಯೋಜನ ಕಮ್ಮಿ. ಸರಿಯಾಗಿ ಉಣ್ಣದೆ, ನಡೆಯದೆ, ಗಾಯ ಮಾಯದೆ ಮಲಗಿದವರಿಗೆ ಅದನ್ನು ಕೊಡಲು ಆಗುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ದಿನಕ್ಕೆ ಬಯಾಪ್ಸಿ ರಿಪೋರ್ಟು ತೆಗೆದುಕೊಂಡು ಹೋಗಲೇಬೇಕು. ಕಾಯಿ ಕೀಳಿಸುವುದಿದೆ, ಕಾಫಿ ಹಣ್ಣು ಬಿಡಿಸಲು ಆಳು ಸಿಗುವುದು ಇದೊಂದೇ ವಾರ, ಮೊಮ್ಮಗಳ ನಾಮಕರಣ ಮುಗಿಸಿಕೊಂಡು ಹೋದರಾಯಿತು ಎಂದು ಆ ದಿನವನ್ನು ಮುಂದಕ್ಕೆ ಹಾಕಬೇಡಿ.